ಗುಲಾಬಿ ಬಣ್ಣ ಬಂತು ಸರಿ, ತಂದವರು ಯಾರು?

ಎಂಎಸ್ಸಿ ಓದುವಾಗ ಕೆಂಪು ಹರಿವೆ ಸೊಪ್ಪಿನ ಮೇಲೆ ಒಂದು ಸಣ್ಣ ಪ್ರಾಜೆಕ್ಟ್ ಮಾಡಿದ್ದೆ. ಅರ್ಧ ಕುಂಡಗಳಿಗೆ ಬರೀ ನೀರು, ಉಳಿದರ್ಧಕ್ಕೆ ಉಪ್ಪು ನೀರು. ಉಪ್ಪು ಕುಡಿದ ಗಿಡದ ಎಲೆಯಲ್ಲಿ ಕೊಬ್ಬು ಎಷ್ಟು ಕೆಟ್ಟಿದೆ ಅಂತ ಅಳೆಯಬೇಕಿತ್ತು. ಎಲೆ ಅರೆದು, ಆಸಿಡ್ ಹಾಕಿ, ತಿಳಿ ತೆಗೆದು, ಟಿಬಿಎ ಎಂಬ ರಾಸಾಯನಿಕ ಬೆರೆಸಿ, ಅರ್ಧ ಗಂಟೆ ವಾಟರ್ ಬಾತ್‌ನಲ್ಲಿ ಕಾಯಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕೊಬ್ಬು ಜಾಸ್ತಿ ಕೆಟ್ಟಿದೆ ಎಂದು ಲೆಕ್ಕ. ನನ್ನ ಟ್ಯೂಬುಗಳೆಲ್ಲ ಚೆಂದಕ್ಕೆ ಗುಲಾಬಿಯಾಗಿದ್ದವು. ತೊಂದರೆ ಒಂದೇ. ಟಿಬಿಎ ಹಾಕುವ ಮೊದಲೇ ಆಗಿದ್ದವು.

ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಅಕ್ಕ ಅದನ್ನು ನೋಡಿ, "ನಮ್ಮನೇಲಿ ಹರಿವೆ ಸೊಪ್ಪಿನ ಸಾರು ಮಾಡಿದ್ರೂ ಹಿಂಗೇ ಇರುತ್ತೆ ಕಣಮ್ಮ" ಅಂದರು. ಅಷ್ಟೇ ವಿಷಯ. ಕೆಂಪು ಹರಿವೆಗೆ, ಬೀಟ್‌ರೂಟ್‌ಗೆ ಬಣ್ಣ ಕೊಡುವುದು ಬೀಟಾಸಯಾನಿನ್. ಅದು ಬೆಳಕನ್ನು ಹೆಚ್ಚಾಗಿ ಹೀರುವುದು 535 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಆಸುಪಾಸಿನಲ್ಲಿ. ನಮ್ಮ ಪರೀಕ್ಷೆ ಗುಲಾಬಿಯನ್ನು ಓದುವುದು 532ರಲ್ಲಿ. ಯಂತ್ರಕ್ಕೆ ಎರಡೂ ಒಂದೇ. ಕೆಟ್ಟ ಕೊಬ್ಬೋ, ಸೊಪ್ಪಿನ ಸಾರೋ ಎಂದು ಅದು ಕೇಳುವುದಿಲ್ಲ.

ನಗು ಬರುವಂಥ ತಪ್ಪೇ. ಆದರೆ ಇದರ ಅಣ್ಣತಮ್ಮಂದಿರು ಕಣ್ಣಿಗೆ ಕಾಣುವುದಿಲ್ಲ, ಆರಾಮಾಗಿ ಸಂಶೋಧನಾ ಲೇಖನಗಳೊಳಗೆ ಹೊಕ್ಕು ಕೂತಿರುತ್ತವೆ. "ಈ ಸೊಪ್ಪಿನ ರಸ ಆಕ್ಸಿಡೇಟಿವ್ ಸ್ಟ್ರೆಸ್ ಕಡಿಮೆ ಮಾಡುತ್ತದೆ", "ಆ ಕಾಯಿಲೆಯಲ್ಲಿ ಕೊಬ್ಬು ಜಾಸ್ತಿ ಕೆಡುತ್ತದೆ" ಎಂಬ ಸುದ್ದಿ ದಿನಾ ಓದುತ್ತೇವಲ್ಲ, ಅವುಗಳ ಹಿಂದೆ ಬಹಳ ಸಲ ಇದೇ ಗುಲಾಬಿ ಟ್ಯೂಬ್ ಇರುತ್ತದೆ.

ಕೊಬ್ಬು ಕೆಡುವುದು ಅಂದರೇನು? ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು: ಹಳೇ ಎಣ್ಣೆ, ಡಬ್ಬಿಯಲ್ಲಿ ಮರೆತ ಕಡಲೆಕಾಯಿ ಬೀಜ, ಕಮಟು ವಾಸನೆ. ಗಾಳಿಯ ಆಮ್ಲಜನಕ ಕೊಬ್ಬಿನ ಕಣದಲ್ಲಿರುವ ಜೋಡಿ ಬಂಧಗಳ ಪಕ್ಕಕ್ಕೆ ಬಂದು ಅಂಟಿಕೊಳ್ಳುತ್ತದೆ. ಮೊದಲು ಪೆರಾಕ್ಸೈಡ್ ಆಗುತ್ತದೆ. ಅದಕ್ಕೆ ವಾಸನೆಯಿಲ್ಲ. ಆಮೇಲೆ ಅದು ಮುರಿದು ನೂರೆಂಟು ಚೂರಾಗುತ್ತದೆ. ಆ ಚೂರುಗಳಲ್ಲಿ ಆಲ್ಡಿಹೈಡ್‌ಗಳು ಮುಖ್ಯ, ಮೂಗಿಗೆ ಹೊಡೆಯುವುದೂ ಅವೇ. ನಮ್ಮ ದೇಹದ ಜೀವಕೋಶದ ಪೊರೆಯಲ್ಲೂ ಕೊಬ್ಬು ಇರುವುದರಿಂದ ಇದೇ ಕೆಲಸ ಅಲ್ಲೂ ನಡೆಯುತ್ತದೆ. ಈ ಚೂರುಗಳಲ್ಲಿ ಒಂದರ ಹೆಸರು ಮ್ಯಾಲಾನ್‌ಡೈಆಲ್ಡಿಹೈಡ್. ಲ್ಯಾಬಿನವರು ಎಂಡಿಎ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಟಿಬಿಎ ಅಂದರೆ ಥಯೋಬಾರ್ಬಿಟ್ಯೂರಿಕ್ ಆಸಿಡ್. ಎಂಡಿಎಯ ಒಂದು ಕಣ ಎರಡು ಟಿಬಿಎ ಕಣಗಳನ್ನು ಆಚೆ ಈಚೆ ಹಿಡಿದುಕೊಂಡಾಗ ಆ ಗುಲಾಬಿ ಹುಟ್ಟುತ್ತದೆ. 1944ರಲ್ಲಿ ಕೋನ್ ಮತ್ತು ಲಿವರ್‌ಸೆಜ್ ಎಂಬ ಇಬ್ಬರು ಮಿದುಳಿನ ಅಂಗಾಂಶವನ್ನು ಗಾಳಿಯಲ್ಲಿಟ್ಟು ಟಿಬಿಎ ಬೆರೆಸಿದಾಗ ಈ ಬಣ್ಣವನ್ನು ಕಂಡರು. ಅದು ಯಾವುದರಿಂದ ಬಂತು ಎಂದು ಅವರಿಗೆ ಗೊತ್ತಿರಲಿಲ್ಲ. ಕೊಬ್ಬಿನ ನಂಟು ಆಮೇಲೆ ಗೊತ್ತಾಯಿತು. ಬಣ್ಣದ ಒಳಗಿನ ರಚನೆ ತಿಳಿಯಲು 1958ರವರೆಗೆ ಕಾಯಬೇಕಾಯಿತು. ಅಂದರೆ ಈ ಪರೀಕ್ಷೆ ಹುಟ್ಟಿದ್ದೇ "ಬಣ್ಣ ಬಂತು, ಯಾರಿಂದ ಅಂತ ಗೊತ್ತಿಲ್ಲ" ಎನ್ನುವ ಸ್ಥಿತಿಯಲ್ಲಿ.

ಅದರ ಪೂರ್ತಿ ಹೆಸರು ಈ ಮಾತನ್ನು ಮುಚ್ಚಿಡುವುದೂ ಇಲ್ಲ. ಟಿಬಾರ್ಸ್, ಅಂದರೆ ಟಿಬಿಎ ಜೊತೆ ವರ್ತಿಸುವ ವಸ್ತುಗಳು. ವಸ್ತು ಅಲ್ಲ, ವಸ್ತುಗಳು. ಇಷ್ಟು ಪ್ರಾಮಾಣಿಕವಾದ ಹೆಸರಿದ್ದೂ, ಲೇಖನದ ಗ್ರಾಫಿಗೆ ಬರುವ ಹೊತ್ತಿಗೆ ಅದು ಸುಮ್ನೆ "ಎಂಡಿಎ ಪ್ರಮಾಣ" ಆಗಿಬಿಟ್ಟಿರುತ್ತದೆ. ನನಗೆ ಸಿಟ್ಟು ಬರುವುದು ಅಲ್ಲಿ.

ಹಾಗಾದರೆ ಇನ್ಯಾರು ಟಿಬಿಎ ಜೊತೆ ಸೇರುತ್ತಾರೆ? ಪಟ್ಟಿ ಉದ್ದ ಇದೆ. ಡಿಎನ್‌ಎಯಲ್ಲಿರುವ ಡಿಆಕ್ಸಿರೈಬೋಸ್ ಸಕ್ಕರೆ ರಾಡಿಕಲ್ (ಸಿಕ್ಕಿದ್ದರ ಮೇಲೆಲ್ಲ ಎರಗುವ ಚುರುಕು ಕಣ) ಹೊಡೆತಕ್ಕೆ ಒಡೆದರೆ ಇದೇ ಗುಲಾಬಿ ಬರುತ್ತದೆ. ಇದನ್ನೇ ಬಳಸಿಕೊಂಡು ಹೈಡ್ರಾಕ್ಸಿಲ್ ರಾಡಿಕಲ್ ಅಳೆಯುವ ಒಂದು ಪರೀಕ್ಷೆಯೂ ಇದೆ. ಅದರಲ್ಲಿ ಕೊಬ್ಬಿನ ಹನಿಯೂ ಇರುವುದಿಲ್ಲ. ರಕ್ತದ ಪ್ರೋಟೀನುಗಳ ತುದಿಯಲ್ಲಿರುವ ಸಯಾಲಿಕ್ ಆಸಿಡ್ ಅಳೆಯಲು 1959ರಲ್ಲಿ ಬಂದ ಹೆಸರುವಾಸಿ ವಿಧಾನವೂ ಇದೇ ಟಿಬಿಎಯನ್ನು ಬಳಸುತ್ತದೆ, ಓದುವುದು ಮಾತ್ರ 549ರಲ್ಲಿ. ಒಂದೇ ಬಾಟಲಿ, ಮೂರು ಅಂಗಡಿ. ಇವಲ್ಲದೆ ಬೇರೆ ಆಲ್ಡಿಹೈಡ್‌ಗಳು ಹಳದಿ ಬಣ್ಣ ಕೊಡುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು, ಕಡೇಪಕ್ಷ ಗಿಡಗಳ ಕೆಲಸದಲ್ಲಿ, ನಾವು ಕಾಫಿಗೆ ಹಾಕುವ ಸಕ್ಕರೆ.

ಸಕ್ಕರೆಯ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಸಿಡ್‌ನಲ್ಲಿ ಸಕ್ಕರೆ ಮತ್ತು ಟಿಬಿಎ ಒಟ್ಟಿಗೆ ಕಾದರೆ ಹಳದಿ-ಕಿತ್ತಳೆ ಬಣ್ಣ ಬರುತ್ತದೆ. ಅದು ಬೆಳಕು ಹೀರುವುದನ್ನು ಗ್ರಾಫ್ ಮಾಡಿದರೆ ಗುಡ್ಡ ಇರುವುದು 440 ನ್ಯಾನೋಮೀಟರ್ ಹತ್ತಿರ. ಆದರೆ ಗುಡ್ಡದ ಬುಡ 532ರವರೆಗೂ ಚಾಚಿಕೊಂಡಿರುತ್ತದೆ. 1999ರಲ್ಲಿ ಹಾಜಸ್ ಮತ್ತು ಸಂಗಡಿಗರು ಪ್ಲಾಂಟಾ ಪತ್ರಿಕೆಯಲ್ಲಿ ಇದನ್ನು ಅಳೆದು ತೋರಿಸಿದರು. ಮೋಲಾರ್ ಅಂದರೆ ಒಂದು ಲೀಟರಿನಲ್ಲಿ ಎಷ್ಟು ಕಣಗಳಿವೆ ಎಂಬ ಅಳತೆ, ರೀಡಿಂಗ್ ಅಂದರೆ ಎಷ್ಟು ಬೆಳಕು ಹೀರಿತು ಎಂಬ ಅಂಕಿ. ಒಂದು ಮೋಲಾರ್ ದ್ರಾವಣಕ್ಕೆ ಲೆಕ್ಕ ಹಾಕಿದರೆ ಸಕ್ಕರೆ 440ರಲ್ಲಿ 147, 532ರಲ್ಲಿ 8.4 ರೀಡಿಂಗ್ ಕೊಡುತ್ತದೆ. ಎಂಡಿಎಯ ಗುಲಾಬಿ ಕೊಡುವುದು 1,57,000. ನೋಡಿದರೆ ಸಕ್ಕರೆ ಲೆಕ್ಕಕ್ಕೇ ಇಲ್ಲ ಅನ್ನಿಸುತ್ತದೆ, ಅಲ್ವಾ?

ಆದರೆ ಎಲೆಯಲ್ಲಿ ಎಂಡಿಎ ಇರುವುದು ಕಣದಷ್ಟು, ಸಕ್ಕರೆ ಇರುವುದು ಮಣದಷ್ಟು. 100 ಮಿಲಿ ನೀರಿಗೆ ಸುಮಾರು 0.34 ಗ್ರಾಂ ಸಕ್ಕರೆ ಹಾಕಿ, ಒಂದು ಚಿಟಿಕೆ ಅಂದುಕೊಳ್ಳಿ. ಅದು 10 ಮಿಲಿಮೋಲಾರ್ ದ್ರಾವಣ. ಪರೀಕ್ಷೆಯಲ್ಲಿ 532ರಲ್ಲಿ ಅದರ ರೀಡಿಂಗ್ 0.084. ಇದನ್ನು ಎಂಡಿಎ ಎಂದು ತಿಳಿದು ಭಾಗಿಸಿದರೆ ಲೀಟರಿಗೆ 0.54 ಮೈಕ್ರೋಮೋಲ್ ಎಂಡಿಎ "ಸಿಕ್ಕಿತು". ಎಲೆಯ ಮಾದರಿಗಳಲ್ಲಿ ಒಟ್ಟು ರೀಡಿಂಗೇ 0.1, 0.2 ಬರುವುದು ಮಾಮೂಲು. ಅಂದರೆ ಕೊಬ್ಬೇ ಇಲ್ಲದ ಸಕ್ಕರೆ ನೀರು ಅರ್ಧದಷ್ಟು ಫಲಿತಾಂಶವನ್ನು ಪುಕ್ಕಟೆ ಕೊಟ್ಟುಬಿಡಬಹುದು.

"ಇರಲಿ ಬಿಡಿ, ಎಲ್ಲ ಮಾದರಿಯಲ್ಲೂ ಸಕ್ಕರೆ ಇರುತ್ತದಲ್ಲ, ಹೋಲಿಸುವಾಗ ತಾನೇ ಕಳೆದುಹೋಗುತ್ತದೆ" ಎಂದು ಯಾರಾದರೂ ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಒಂದೇ ತೂಕದ ಕಲ್ಲಿದ್ದರೆ ಚಿಂತೆಯಿಲ್ಲ, ನಿಜ. ಆದರೆ ಇಲ್ಲಿ ಕಲ್ಲು ಒಂದೇ ತೂಕದ್ದಲ್ಲ. ಬರ, ಉಪ್ಪು, ಚಳಿ, ಹೀಗೆ ಗಿಡಕ್ಕೆ ಕಷ್ಟ ಬಂದಾಗ ಅದು ಮಾಡುವ ಮೊದಲ ಕೆಲಸಗಳಲ್ಲಿ ಒಂದು ಎಲೆಯಲ್ಲಿ ಸಕ್ಕರೆ ಕೂಡಿಡುವುದು. ಜೀವಕೋಶದಿಂದ ನೀರು ಸೋರಿಹೋಗದಂತೆ ಹಿಡಿಯಲು ಅದಕ್ಕೆ ಸಕ್ಕರೆ ಬೇಕು. ಇನ್ನೊಂದು ಕೆಲಸ, ಎಷ್ಟೋ ಗಿಡಗಳಲ್ಲಿ, ಕೆಂಪು-ನೇರಳೆ ಆಂಥೋಸಯಾನಿನ್ ಬಣ್ಣ ತುಂಬಿಕೊಳ್ಳುವುದು. ಅದೂ ಆಸಿಡ್‌ನಲ್ಲಿ 532ರ ನೆರೆಮನೆಯಲ್ಲೇ ಬೆಳಕು ಹೀರುತ್ತದೆ. ಪುನರ್ಪುಳಿ ಶರಬತ್ತು ಅಷ್ಟು ಕೆಂಪಗೆ ಕಾಣುವುದೂ ಇದೇ ಜಾತಿಯ ಬಣ್ಣದಿಂದ.

ಹಾಗಾಗಿ ಉಪ್ಪು ಕುಡಿದ ಗಿಡದಲ್ಲಿ ಕೊಬ್ಬು ಒಂದಿಷ್ಟೂ ಕೆಡದಿದ್ದರೂ ಟಿಬಾರ್ಸ್ ಏರಬಹುದು. ಏರಿದ್ದು ಸಕ್ಕರೆ, ಏರಿದ್ದು ಬಣ್ಣ. ಗ್ರಾಫ್ ಮಾತ್ರ ನಾವು ನಿರೀಕ್ಷಿಸಿದಂತೆಯೇ ಬರುತ್ತದೆ, ಅದೇ ಅಪಾಯ. ಸುಮ್ಮನೆ ಗಲಾಟೆ ಮಾಡುವ ಅಡ್ಡವಸ್ತುವನ್ನು ಹಿಡಿಯುವುದು ಸುಲಭ. ಅಂಕಿಗಳು ಹಾರಾಡುತ್ತವೆ, ನಮಗೆ ಅನುಮಾನ ಬರುತ್ತದೆ. ನಾವು ಹುಡುಕುತ್ತಿರುವುದರ ಜೊತೆಗೇ ಏರಿ, ಜೊತೆಗೇ ಇಳಿಯುವ ಅಡ್ಡವಸ್ತು ನಮ್ಮ ಊಹೆಗೆ ಹೂಂಗುಟ್ಟುತ್ತಾ ಕೂರುತ್ತದೆ. ಹತ್ತು ಸಲ ಮಾಡಿದರೂ ಅದೇ ಉತ್ತರ. ಅಂಕಿಅಂಶದ ಪರೀಕ್ಷೆಯಲ್ಲೂ ಪಾಸು.

ರಕ್ತದಲ್ಲೂ ಇದೇ ಕಥೆ. ಜಾಂಡೀಸ್ ಇದ್ದರೆ ಬಿಲಿರುಬಿನ್ ಎಂಬ ಹಳದಿ ವಸ್ತು ಏರುತ್ತದೆ, ಅದು ಈ ಪರೀಕ್ಷೆಯಲ್ಲಿ ತಲೆಹಾಕುತ್ತದೆ. ದೇಹದಲ್ಲಿ ಉರಿಯೂತವಿದ್ದರೆ ರಕ್ತದ ಸಯಾಲಿಕ್ ಆಸಿಡ್ ಏರುತ್ತದೆ. ರಕ್ತ ತೆಗೆಯುವಾಗ ಕೆಂಪುಕಣ ಒಡೆದರೆ ಹಿಮೋಗ್ಲೋಬಿನ್ನಿನ ಕೆಂಪು, ಅದರ ಜೊತೆಗೆ ಕಬ್ಬಿಣ. ಇನ್ನೊಂದು ವಿಚಿತ್ರ ಇದೆ: ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಎಂಬುದನ್ನು ತಯಾರಿಸುತ್ತವೆ, ಆ ಕೆಲಸದಲ್ಲಿ ಅಸಲಿ ಎಂಡಿಎಯೇ ಹುಟ್ಟುತ್ತದೆ. ಅದು ಕೊಬ್ಬು ಕೆಟ್ಟು ಬಂದದ್ದಲ್ಲ, ಕಿಣ್ವ ಮಾಡಿದ್ದು. ಆದ್ದರಿಂದ ಹೆಪ್ಪುಗಟ್ಟಿಸಿ ತೆಗೆದ ಸೀರಮ್ಮಿನ ಅಂಕಿಯನ್ನು ಹೆಪ್ಪುಗಟ್ಟಲು ಬಿಡದೆ ತೆಗೆದ ಪ್ಲಾಸ್ಮಾದ ಅಂಕಿಯ ಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ.

ಇಲ್ಲಿಯವರೆಗೆ ಸುಳ್ಳು ಏರಿಕೆ. ಸುಳ್ಳು ಇಳಿಕೆ ಇನ್ನೂ ಮಜವಾಗಿದೆ. ಸೊಪ್ಪು, ತೊಗಟೆ, ಬೇರಿನ ರಸಗಳ ಸಂಶೋಧನೆಗಳಲ್ಲಿ ಅದರದ್ದೇ ದರ್ಬಾರು.

ಟಿಬಿಎ ಪರೀಕ್ಷೆಯಲ್ಲಿ ಮಾದರಿಯನ್ನು ಆಸಿಡ್ ಹಾಕಿ 95 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತೇವೆ ಅಂದೆನಲ್ಲ. ಒಂದು ಕ್ಷಣ ಯೋಚಿಸಿ. ಅದರಲ್ಲಿ ಕೆಡದ ಕೊಬ್ಬು ಇದೆ, ಒಂಚೂರು ಕಬ್ಬಿಣ ಇದೆ, ಗಾಳಿ ಇದೆ, ಬಿಸಿ ಇದೆ. ಕೊಬ್ಬು ಕೆಡಿಸಲು ಇದಕ್ಕಿಂತ ಒಳ್ಳೆ ಒಲೆ ಬೇಕೇ? ಹಾಗಾಗಿ ನಮಗೆ ಕಾಣುವ ಎಂಡಿಎಯಲ್ಲಿ ಒಂದು ಭಾಗ ಗಿಡದಲ್ಲೋ ಇಲಿಯ ಲಿವರಿನಲ್ಲೋ ಹುಟ್ಟಿದ್ದಲ್ಲ. ನಮ್ಮ ಟ್ಯೂಬಿನಲ್ಲೇ, ನಮ್ಮ ಕಣ್ಣೆದುರೇ ಹುಟ್ಟಿದ್ದು. ಈಗ ಆ ಟ್ಯೂಬಿಗೆ ಪಾಲಿಫಿನಾಲ್ (ಆಕ್ಸಿಡೀಕರಣ ತಡೆಯುವ ಸಸ್ಯವಸ್ತು) ತುಂಬಿದ ಸೊಪ್ಪಿನ ರಸ ಸೇರಿದೆ ಅನ್ನಿ. ಕಾಯಿಸುವಾಗ ಅದು ಅಡ್ಡ ನಿಂತು ಹೊಸ ಎಂಡಿಎ ಹುಟ್ಟದಂತೆ ತಡೆಯುತ್ತದೆ. ರೀಡಿಂಗ್ ಇಳಿಯುತ್ತದೆ. ಸಂಶೋಧಕರು ಖುಷಿಯಿಂದ "ರಸ ಕೊಬ್ಬನ್ನು ಕಾಪಾಡಿತು" ಎಂದು ಬರೆಯುತ್ತಾರೆ. ಕಾಪಾಡಿದ್ದು ನಿಜ. ಎಲ್ಲಿ? ವಾಟರ್ ಬಾತ್‌ನಲ್ಲಿ.

ಇದಕ್ಕೆ ಮದ್ದು ಹಳೆಯದು, ಅಗ್ಗದ್ದು. ಕಾಯಿಸುವ ಮೊದಲೇ ಎಲ್ಲ ಟ್ಯೂಬುಗಳಿಗೂ ಬಿಎಚ್‌ಟಿ ಎಂಬ ಆಕ್ಸಿಡೀಕರಣ ತಡೆಯುವ ವಸ್ತುವನ್ನು ಸಮನಾಗಿ ಹಾಕುವುದು, ಕಬ್ಬಿಣವನ್ನು ಹಿಡಿದಿಡಲು ಇಡಿಟಿಎ ಹಾಕುವುದು. ಆಗ ಟ್ಯೂಬಿನೊಳಗಿನ ಹೊಸ ಹುಟ್ಟು ಎಲ್ಲ ಕಡೆ ನಿಲ್ಲುತ್ತದೆ, ಉಳಿದ ವ್ಯತ್ಯಾಸಕ್ಕೆ ಬೆಲೆ ಬರುತ್ತದೆ. ಬಿಎಚ್‌ಟಿ ಹಾಕಿದಮೇಲೆ ಸೊಪ್ಪಿನ ಪವಾಡ ಮಾಯವಾದರೆ ಅದು ಪವಾಡವೇ ಆಗಿರಲಿಲ್ಲ.

ಹ್ಯಾಮ್, ಬೇಕನ್‌ನಂಥ ಮಾಂಸಗಳಲ್ಲಿ ಕೆಡದಂತೆ ಹಾಕುವ ನೈಟ್ರೈಟ್ ಕೂಡ ರೀಡಿಂಗ್ ಇಳಿಸುತ್ತದೆ, ಆದರೆ ಬೇರೆ ದಾರಿಯಿಂದ. ಆಸಿಡ್‌ನಲ್ಲಿ ಅದು ಎಂಡಿಎಯನ್ನೇ ಹಿಡಿದುಕೊಂಡುಬಿಡುತ್ತದೆ, ಟಿಬಿಎಗೆ ಸಿಗಲು ಬಿಡುವುದಿಲ್ಲ. 1962ರಲ್ಲೇ ಇದಕ್ಕೆ ಉಪಾಯ ಹುಡುಕಿದ್ದರು. ಮೊದಲೇ ಸಲ್ಫಾನಿಲಮೈಡ್ ಹಾಕಿದರೆ ನೈಟ್ರೈಟ್ ಅದಕ್ಕೆ ಅಂಟಿಕೊಳ್ಳುತ್ತದೆ, ಎಂಡಿಎ ಬಚಾವ್.

ಅಡುಗೆ ಎಣ್ಣೆಯ ವಿಷಯಕ್ಕೆ ಬಂದರೆ ಅಡ್ಡವಸ್ತು ಇಲ್ಲದಿದ್ದರೂ ಟಿಬಿಎ ಕೈಕೊಡುತ್ತದೆ. ಎಂಡಿಎ ಚೆನ್ನಾಗಿ ಹುಟ್ಟುವುದು ಮೂರು ಅಥವಾ ಹೆಚ್ಚು ಜೋಡಿ ಬಂಧವಿರುವ ಕೊಬ್ಬಿನಿಂದ, ಅಂದರೆ ಅಗಸೆ ಎಣ್ಣೆ, ಮೀನೆಣ್ಣೆಯಂಥವುಗಳಿಂದ. ನಮ್ಮ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಯಲ್ಲಿ ಇರುವುದು ಬಹುಪಾಲು ಒಂದು ಅಥವಾ ಎರಡು ಬಂಧದವು. ಅವು ಮೂಗು ಮುಚ್ಚಿಕೊಳ್ಳುವಷ್ಟು ಕಮಟಾದರೂ ಎಂಡಿಎ ಕಡಿಮೆಯೇ. ಅಜ್ಜಿಯ ಮೂಗು ಇಲ್ಲಿ ಟಿಬಿಎಯನ್ನು ಸೋಲಿಸುತ್ತದೆ.

ಮೀನೆಣ್ಣೆ ಅಂದಮೇಲೆ, ಈಗ ಮನೆಮನೆಗೂ ಬಂದಿರುವ ಒಮೆಗಾ-3 ಬಾಟಲಿಗಳ ಬಗ್ಗೆ ಒಂದು ಮಾತು. ಅವುಗಳ ತಾಜಾತನ ನೋಡಲು ಪೆರಾಕ್ಸೈಡ್ ಮೌಲ್ಯ ಮತ್ತು ಅನಿಸಿಡಿನ್ ಮೌಲ್ಯ ಎಂಬ ಎರಡು ಅಂಕಿ ಬಳಸುತ್ತಾರೆ. ಮೊದಲನೆಯದನ್ನು ಎರಡರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ ಟೋಟಾಕ್ಸ್. ಈ ಉದ್ಯಮದವರೇ ಹಾಕಿಕೊಂಡ ಮಿತಿ ಪೆರಾಕ್ಸೈಡ್ 5, ಅನಿಸಿಡಿನ್ 20, ಟೋಟಾಕ್ಸ್ 26. ಅನಿಸಿಡಿನ್ ಕೂಡ ಬಣ್ಣದ ಪರೀಕ್ಷೆಯೇ. ಆಲ್ಡಿಹೈಡ್ ಸಿಕ್ಕರೆ ಹಳದಿ ಬರುತ್ತದೆ, 350ರಲ್ಲಿ ಓದುತ್ತಾರೆ. ಈಗ ಮಕ್ಕಳಿಗೆ ಇಷ್ಟವಾಗಲಿ ಅಂತ ಎಣ್ಣೆಗೆ ನಿಂಬೆಯ ಘಮ ಸೇರಿಸುತ್ತಾರೆ. ನಿಂಬೆಯ ಘಮದ ಜೀವಾಳ ಸಿಟ್ರಾಲ್, ವೆನಿಲ್ಲಾದ್ದು ವೆನಿಲಿನ್, ದಾಲ್ಚಿನ್ನಿಯದು ಸಿನಮಾಲ್ಡಿಹೈಡ್. ಮೂರೂ ಆಲ್ಡಿಹೈಡ್‌ಗಳೇ! ಉದಾಹರಣೆಗೆ ಒಂದು ಎಣ್ಣೆಯ ಪೆರಾಕ್ಸೈಡ್ 3, ಅನಿಸಿಡಿನ್ 12 ಇತ್ತು ಅನ್ನಿ. ಟೋಟಾಕ್ಸ್ 18, ಪಾಸು. ಅದಕ್ಕೆ ನಿಂಬೆ ಘಮ ಹಾಕಿದ ಕೂಡಲೇ ಅನಿಸಿಡಿನ್ 30 ಆದರೆ ಟೋಟಾಕ್ಸ್ 36, ಫೇಲು. ಎಣ್ಣೆ ಅದೇ, ಕೆಟ್ಟಿಲ್ಲ. ಇದೇ ಕಾರಣಕ್ಕೆ ಘಮ ಹಾಕಿದ ಎಣ್ಣೆಗೆ ಈ ಅಂಕಿ ನಂಬುವಂತಿಲ್ಲ, ಘಮ ಹಾಕುವ ಮೊದಲೇ ಅಳೆಯಬೇಕು. ಆದರೆ ಇದನ್ನೇ ನೆಪ ಮಾಡಿಕೊಂಡು ನಿಜವಾಗಿಯೂ ಕೆಟ್ಟ ಎಣ್ಣೆಯನ್ನು ನಿಂಬೆಯ ಹಿಂದೆ ಬಚ್ಚಿಡುವ ಸಾಧ್ಯತೆಯೂ ಇದೆ. ಪರೀಕ್ಷೆಗೂ ಗೊತ್ತಾಗುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ.

ನಮ್ಮ ತುಪ್ಪದ ಪರೀಕ್ಷೆ ಈ ವಿಷಯದಲ್ಲಿ ಜಾಣತನ ತೋರಿಸಿದೆ. ಅದು ಕಲಬೆರಕೆ ಹಿಡಿಯುವ ಪರೀಕ್ಷೆ, ಕೊಬ್ಬು ಕೆಟ್ಟಿದ್ದನ್ನು ಅಳೆಯುವುದಲ್ಲ, ಆದರೂ ಹೇಳಬೇಕು. ವನಸ್ಪತಿಗೆ ಕನಿಷ್ಠ 5% ಎಳ್ಳೆಣ್ಣೆ ಸೇರಿಸಿರಬೇಕೆಂದು ನಮ್ಮ ದೇಶದಲ್ಲಿ ನಿಯಮ ತಂದಿದ್ದರು, ಗುರುತು ಹಿಡಿಯಲಿಕ್ಕೇ. ತುಪ್ಪಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಮತ್ತು ಫರ್ಫ್ಯೂರಾಲ್ ಹಾಕಿ ಕುಲುಕಿದಾಗ ಕೆಂಪು ಬಂದರೆ ಎಳ್ಳೆಣ್ಣೆ ಇದೆ, ಅಂದರೆ ವನಸ್ಪತಿ ಬೆರೆತಿದೆ. ಇದೇ ಬೌಡೋಯಿನ್ ಪರೀಕ್ಷೆ. ಆದರೆ ಕೆಲವು ಕೃತಕ ಬಣ್ಣಗಳು ಬರೀ ಆಸಿಡ್‌ಗೇ ಕೆಂಪಾಗುತ್ತವೆ. ಅದಕ್ಕೆ ಫರ್ಫ್ಯೂರಾಲ್ ಇಲ್ಲದೆ ಆಸಿಡ್ ಮಾತ್ರ ಹಾಕಿ ಮೊದಲು ನೋಡುತ್ತಾರೆ.

ಹಾಜಸ್ ತಂಡ ಗಿಡಗಳಿಗೆ ಹೇಳಿದ ಮದ್ದೂ ಇದೇ ಜಾತಿಯದು. ಪ್ರತಿ ಮಾದರಿಗೂ ಎರಡು ಟ್ಯೂಬ್. ಒಂದಕ್ಕೆ ಟಿಬಿಎ ಹಾಕಿ, ಇನ್ನೊಂದಕ್ಕೆ ಹಾಕಬೇಡಿ, ಉಳಿದದ್ದೆಲ್ಲ ಒಂದೇ ಇರಲಿ. ಎರಡನ್ನೂ 532ರಲ್ಲಿ ಓದಿ, ಕದಡಿದ್ದರ ಲೆಕ್ಕಕ್ಕೆ 600ರ ರೀಡಿಂಗ್ ಕಳೆಯಿರಿ. ಟಿಬಿಎ ಇಲ್ಲದ ಟ್ಯೂಬಿನ ರೀಡಿಂಗನ್ನು ಇದ್ದದ್ದರಿಂದ ಕಳೆದರೆ ಎಲೆಯ ಸ್ವಂತ ಬಣ್ಣ ಹೋಯಿತು. ಆಮೇಲೆ ಸಕ್ಕರೆ. ಟಿಬಿಎ ಇರುವ ಟ್ಯೂಬಿನ 440ರ ರೀಡಿಂಗಿನಿಂದ 600ರದ್ದನ್ನು ಕಳೆದು 0.0571ರಿಂದ ಗುಣಿಸಿ, ಬಂದದ್ದನ್ನು ಕಳೆಯಿರಿ. ಆ 0.0571 ಎಲ್ಲಿಂದ ಬಂತು? 8.4 ಭಾಗಿಸು 147, ಅಷ್ಟೇ. ಕೆಂಪು ಸೊಪ್ಪಿನವರಿಗೆ ಒಂದು ಎಚ್ಚರಿಕೆ: ಟಿಬಿಎ ಇಲ್ಲದ ಟ್ಯೂಬನ್ನೂ ಅಷ್ಟೇ ಹೊತ್ತು ಕಾಯಿಸಿ. ಬೀಟಾಸಯಾನಿನ್ ಬಿಸಿಗೆ ಮಾಸುತ್ತದೆ. ಕಾಯಿಸದೆ ಓದಿದರೆ ಬೇಕಾದ್ದಕ್ಕಿಂತ ಹೆಚ್ಚು ಕಳೆದುಬಿಡುತ್ತೀರಿ, ಎಂಡಿಎ ಸೊನ್ನೆಗಿಂತ ಕೆಳಗೆ ಹೋದರೂ ಆಶ್ಚರ್ಯವಿಲ್ಲ.

ಇದು ಪೂರ್ತಿ ಪರಿಹಾರವೇನಲ್ಲ. ಆ ಗುಣಕ ಸಕ್ಕರೆಯದ್ದು, ಬೇರೆ ಸಿಹಿಗಳಿಗೆ, ಬೇರೆ ಆಲ್ಡಿಹೈಡ್‌ಗಳಿಗೆ ಅದು ಕರಾರುವಾಕ್ಕಾಗಿ ಹೊಂದಬೇಕೆಂದಿಲ್ಲ. ನಿಜವಾಗಿ ಎಂಡಿಎ ಎಷ್ಟಿದೆ ಎಂದು ಬೇಕಿದ್ದರೆ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಗುಲಾಬಿಯನ್ನು ಉಳಿದ ಬಣ್ಣಗಳಿಂದ ಬೇರ್ಪಡಿಸಿ ಓದಬೇಕು. ಹಾಗೆ ಮಾಡಿದಾಗ ರಕ್ತದ ಅಂಕಿಗಳು ಬೇರ್ಪಡಿಸದೆ ಓದಿದ ಟಿಬಾರ್ಸ್‌ಗಿಂತ ಎಷ್ಟೋ ಕೆಳಗೆ ಬರುತ್ತವೆ. ಟ್ಯೂಬಿನಲ್ಲೇ ಹುಟ್ಟಿದ ಎಂಡಿಎಯನ್ನು ಅದೂ ಬೇರೆ ಮಾಡಿ ತೋರಿಸುವುದಿಲ್ಲ, ಆದ್ದರಿಂದ ಬಿಎಚ್‌ಟಿ ಅಲ್ಲೂ ಬೇಕು. ದೇಹದೊಳಗಿನ ಕೊಬ್ಬಿನ ಬಗ್ಗೆಯೇ ಕೇಳುವುದಾದರೆ 1990ರಲ್ಲಿ ಗುರುತಿಸಿದ ಐಸೋಪ್ರೊಸ್ಟೇನ್‌ಗಳನ್ನು (ಕೊಬ್ಬು ಕೆಟ್ಟಾಗ ಹುಟ್ಟುವ ಇನ್ನೊಂದು ಬಗೆಯ ವಸ್ತುಗಳು) ಕಣಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆಯುವುದು ಈಗ ಹೆಚ್ಚು ನಂಬಿಕೆಯ ದಾರಿ. 2022ರಲ್ಲಿ ನೇಚರ್ ಮೆಟಬಾಲಿಸಂ ಪತ್ರಿಕೆಯಲ್ಲಿ ಈ ಕ್ಷೇತ್ರದ ಹಿರಿಯರ ದೊಡ್ಡ ತಂಡವೊಂದು ಆಕ್ಸಿಡೇಟಿವ್ ಹಾನಿ ಅಳೆಯುವ ಬಗ್ಗೆ ಮಾರ್ಗಸೂಚಿಯನ್ನೇ ಬರೆಯಿತು. ಒಳಗೆ ಏನು ನಡೆಯುತ್ತದೆ ಎಂದು ಹೇಳದ ರೆಡಿಮೇಡ್ ಕಿಟ್‌ಗಳನ್ನು ಕಣ್ಣುಮುಚ್ಚಿ ಬಳಸಬೇಡಿ ಎಂಬುದು ಅದರ ಒಂದು ಮಾತು.

ಆದರೂ ಟಿಬಿಎ ಯಾಕೆ ಹೋಗುತ್ತಿಲ್ಲ? ಕಾರಣ ಕಾಲೇಜಿನ ಲ್ಯಾಬಿಗೆ ಹೋದರೆ ಗೊತ್ತಾಗುತ್ತದೆ. ಟಿಬಿಎಯ ಒಂದು ಬಾಟಲಿ ವರ್ಷಗಟ್ಟಲೆ ಬರುತ್ತದೆ. ಬಣ್ಣ ಓದುವ ಯಂತ್ರ ಸ್ಪೆಕ್ಟ್ರೋಫೋಟೋಮೀಟರ್ ಪ್ರತಿ ವಿಭಾಗದಲ್ಲೂ ಇದೆ. ಮಾಸ್ ಸ್ಪೆಕ್ಟ್ರೋಮೀಟರ್ ಬೇಕೆಂದರೆ ಇನ್ನೊಂದು ಊರಿನ ಸಂಸ್ಥೆಗೆ ಮಾದರಿ ಕಳಿಸಿ, ದುಡ್ಡು ಕಟ್ಟಿ, ಕ್ಯೂನಲ್ಲಿ ಕಾಯಬೇಕು. ಮಾರ್ಚ್ ಒಳಗೆ ಪ್ರಾಜೆಕ್ಟ್ ಮುಗಿಸಬೇಕಾದ ಹುಡುಗಿಗೆ ಅದು ಆಗದ ಮಾತು. ಹಾಗಾಗಿ ಟಿಬಿಎಯನ್ನೇ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಎರಡನೇ ಟ್ಯೂಬ್ ಇಡಿ ಎಂದು ಹೇಳಬಲ್ಲೆ. ಅದಕ್ಕೆ ಖರ್ಚಿಲ್ಲ, ತೊಳೆಯಲು ಇನ್ನಷ್ಟು ಗಾಜಿನ ಸಾಮಾನು ಬೀಳುತ್ತದೆ, ಅಷ್ಟೇ.

ನನ್ನ ಪ್ರಾಜೆಕ್ಟ್ ಏನಾಯಿತು ಅಂದರೆ, ಕೆಂಪು ಹರಿವೆಯ ಸಹವಾಸವೇ ಬೇಡ ಅಂತ ಹಸಿರು ಹರಿವೆ ಬಿತ್ತಿ ಮತ್ತೆ ಮಾಡಿದೆ. ಈ ಸಲ ಟಿಬಿಎ ಇಲ್ಲದ ಟ್ಯೂಬ್ ತಿಳಿಯಾಗಿತ್ತು, ಉಪ್ಪು ನೀರಿನ ಗಿಡದಲ್ಲಿ ರೀಡಿಂಗ್ ಚೆನ್ನಾಗಿ ಏರಿತ್ತು, ನನಗೆ ಒಳ್ಳೆ ಮಾರ್ಕ್ಸೂ ಬಂತು. ಮೊನ್ನೆ ಹಳೇ ನೋಟ್‌ಬುಕ್ ಸಿಕ್ಕಿತು. 532 ಇದೆ, 600 ಇದೆ. 440ರ ಕಾಲಮ್ಮೇ ಇಲ್ಲ.